ಗೋಡೆಯೊಳಗಿನ ವೀರ

ತಾಂಡ್ಯದಲ್ಲಿ ಪರಿಚಯದ ರೈತರೊಬ್ಬರ ಹಿತ್ತಿಲ ಗೋಡೆಯಲ್ಲಿ ಒಂದು ವೀರಗಲ್ಲಿದೆ. ಕತ್ತಿ ಹಿಡಿದ ವೀರ, ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲಣ ಲಿಂಗ, ಎಲ್ಲವೂ ಅಡ್ಡಲಾಗಿ ಮಲಗಿವೆ. ಸುತ್ತ ಕಾಡುಗಲ್ಲು, ಮಣ್ಣಿನ ಮೆತ್ತಿಗೆ. ಮೊನ್ನೆ ಹೋದಾಗ ಯಜಮಾನರು ಕೇಳಿದರು: "ಇದನ್ನ ಕೀಳ್ಸಿ ಪೂಜೆಗೆ ನಿಲ್ಸಬೇಕು ಅಂತ ಹುಡುಗ್ರು ಹಟ ಹಿಡ್ದವ್ರೆ. ಓದ್ದೋರು ನೀವು ಹೇಳಿ ಸ್ವಾಮಿ, ಗೋಡೇಲಿಟ್ಟ ನಮ್ಮಜ್ಜ ಪಾಪ ಮಾಡಿದ್ನಾ?"

ಥಟ್ಟನೆ ಉತ್ತರ ಹೊಳೆಯಲಿಲ್ಲ. ನಮ್ಮ ಹಳೆಯ ಮನೆಯಲ್ಲಿ ತಾಯಿ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲೆ ಅಕ್ಷರಗಳಿದ್ದವು. ನಾನು ಶಾಲೆಗೆ ಸೇರಿದಾಗ ಎರಡು ಸಾಲು ಉಳಿದಿತ್ತು. ಹಳಗನ್ನಡ ಓದಲು ಕಲಿಯುವ ಹೊತ್ತಿಗೆ ಅದೂ ಇರಲಿಲ್ಲ. ದತ್ತಿಯನ್ನು ಅಳಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುವನೆಂದು ದಾನಶಾಸನಗಳ ಕೊನೆಗೆ ಶಾಪವಿರುವುದುಂಟು. ಆ ಸಾಲೇ ಮೊದಲು ಸವೆದಿದ್ದರೆ ನಮಗೆ ರಿಯಾಯಿತಿ ಸಿಕ್ಕೀತೋ ಏನೋ!

ಕಲ್ಲಿನ ಮಾತನ್ನು ಪಾಲಿಸುವುದೇ ಧರ್ಮವೆನ್ನೋಣವೆ? ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಸುಮಾರು 949-50ರಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗಾಗಿ ಮಣಲೇರನು ಕಲ್ಲು ನಿಲ್ಲಿಸಿದ. ಅದನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಅದರಲ್ಲೇ ಕಟ್ಟಳೆಯಿದೆ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ಜೋಪಾನವಾಗಿದೆ. ಗೊರವನಿಲ್ಲ, ಪೂಜೆಯಿಲ್ಲ. ಕಾಪಾಡಿದವರೂ ಅದರ ಮಾತನ್ನು ಪಾಲಿಸಲಿಲ್ಲ. ಅವರನ್ನು ಪಾಪಿಗಳೆನ್ನಲು ನನಗೆ ಬಾಯಿ ಬಾರದು.

ಅನ್ಯದೇಶಗಳಲ್ಲಿಯೂ ಇದೇ ಕಥೆ. ಇಂಗ್ಲೆಂಡಿನ ಹೆಕ್ಸಮ್‌ನಲ್ಲಿ 7ನೆಯ ಶತಮಾನದಲ್ಲಿ ವಿಲ್ಫ್ರಿಡ್ ಕಟ್ಟಿಸಿದ ಇಗರ್ಜಿಯ ನೆಲಮಾಳಿಗೆಗೆ ರೋಮನರ ಕೆತ್ತನೆಯ ಕಲ್ಲುಗಳನ್ನೇ ಬಳಸಿದರು; ಅವು ಇಂದಿಗೂ ಅಲ್ಲಿವೆ. ಸ್ಕಾಟ್ಲೆಂಡಿನ ಹಿಲ್ಟನ್ ಆಫ್ ಕ್ಯಾಡ್‌ಬಾಲ್‌ನ, ಸುಮಾರು 800ರ ಶಿಲುಬೆಗಲ್ಲಿನ ಪಾಡು ಬೇರೆ. ಅದರ ಶಿಲುಬೆಯನ್ನು ಉಳಿಯಿಂದ ಹೆರೆದು ಹಾಕಿ, 1676ರಲ್ಲಿ ಗೋರಿಯ ಬರಹ ಕೆತ್ತಿದರು. ಕಲ್ಲಿನ ಬಲವನ್ನು ಎರವಲು ಪಡೆಯುವುದು ಒಂದು, ಅದರ ಬಾಯಿ ಮುಚ್ಚಿಸುವುದು ಇನ್ನೊಂದು.

ಆದರೆ ನನ್ನ ತಾಯಿ ಉಳಿ ಹಿಡಿದವಳಲ್ಲ. ಅಕ್ಷರಗಳು ಅಳಿದದ್ದಂತೂ ನಿಜ. ಆಕೆಗೆ ಓದು ಬರುತ್ತಿರಲಿಲ್ಲ. ತಂದೆಯವರಿಗೆ ಬರುತ್ತಿತ್ತು. ಆ ಎರಡು ಸಾಲನ್ನು ಕೂಡಿಸಿ ಓದುವಷ್ಟು ನನಗೂ ಬರುತ್ತಿತ್ತು.

"ನಿಮ್ಮಜ್ಜ ಕೆತ್ತನೆಯ ಮುಖವನ್ನು ಹೊರಕ್ಕೆ ತಿರುಗಿಸಿಯೇ ಇಟ್ಟಿದ್ದಾರೆ, ಪಾಪವೇನಿಲ್ಲ," ಎಂದೆ. "ಗೋಡೆಗೆ ಬೇರೆ ಕಲ್ಲು ಹೊಂದಿಸಿಕೊಂಡು ಆಮೇಲೆ ತೆಗೆಯಿರಿ."

"ಅಲ್ಲೀಗಂಟ?"

"ಅದರ ಮೇಲೆ ಬೆರಣಿ ತಟ್ಟಬೇಡಿ."

ಒಳಗಿನಿಂದ ಅವರ ಮನೆಯಾಕೆ ನಕ್ಕದ್ದು ಕೇಳಿಸಿತು.