ಮುಯ್ಯಿ

34 ವರ್ಷ ಬ್ಯಾಂಕಿನಲ್ಲಿ ದುಡಿದವರಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾರು ಹಣದ ಮಾತೆತ್ತಿದರೂ ಅದು ಸಾಲವೋ, ಠೇವಣಿಯೋ, ದಾನವೋ ಎಂದು ಮನಸ್ಸು ಕೂಡಲೇ ವಿಂಗಡಿಸತೊಡಗುತ್ತದೆ. ನಿವೃತ್ತಿಯ ನಂತರ ನನ್ನ ಕನ್ನಡಕ ಎರಡು ಸಲ ಬದಲಾಯಿತು, ಈ ಚಾಳಿ ಮಾತ್ರ ಬದಲಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿರುವ ಮಗಳ ಮನೆಯಲ್ಲಿದ್ದಾಗ, ಅದೇ ನನ್ನನ್ನು ಇಥಿಯೋಪಿಯದ ಟ್ಯಾಕ್ಸಿ ಚಾಲಕರೊಬ್ಬರ ಊಟದ ಮೇಜಿನ ಮುಂದೆ ಪೇಚಿಗೆ ಸಿಲುಕಿಸಿತು.

ಅವರು ಕೆಳಗಿನ ಮಹಡಿಯವರು. ವಯಸ್ಸು ಐವತ್ತು ದಾಟಿದೆ. ಆ ತಿಂಗಳ 9ರಂದು ಅವರ ದೇಶದಲ್ಲಿ ನೀಲಿ ನೈಲ್ ನದಿಗೆ ಕಟ್ಟಿದ ಮಹಾ ಅಣೆಕಟ್ಟು ಉದ್ಘಾಟನೆಗೊಂಡಿತ್ತು. 5,150 ಮೆಗಾವ್ಯಾಟ್ ಸಾಮರ್ಥ್ಯದ, ಆಫ್ರಿಕದಲ್ಲೇ ದೊಡ್ಡದಾದ ಜಲವಿದ್ಯುತ್ ಯೋಜನೆ. ಆ ಸಂತೋಷಕ್ಕೆ ನೆರೆಯವರಿಗೆಲ್ಲ ಊಟ. ತಟ್ಟೆಯ ತುಂಬ ಹರಡಿದ ಇಂಜೆರಾ ನಮ್ಮ ಹುಳಿದೋಸೆಯ ದೊಡ್ಡಣ್ಣನಂತಿತ್ತು. ಟೆಫ್ ಎಂಬ, ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟು. ರಾಗಿ ಅವರಿಗೂ ಗೊತ್ತು, ದಗುಸಾ ಎನ್ನುತ್ತಾರೆ. ಅದರ ತವರು ಪೂರ್ವ ಆಫ್ರಿಕದ ಎತ್ತರದ ನಾಡೇ ಎಂಬುದನ್ನು ಮಂಡ್ಯದವಳಾದ ನನಗೆ ಒಪ್ಪಿಕೊಳ್ಳಲು ಒಂದು ಕ್ಷಣ ಬೇಕಾಯಿತು. ಆ ಇಂಜೆರಾ ಅಡಿಸ್ ಅಬಾಬದಲ್ಲಿ ಬೆಂದು ವಿಮಾನದಲ್ಲಿ ಬಂದಿತ್ತು. ಊರಲ್ಲಿ ಬೆಲೆ ಏರೀತೆಂದು 2006ರಲ್ಲಿ ಅವರ ಸರ್ಕಾರ ಟೆಫ್ ಕಾಳಿನ ರಫ್ತು ನಿಲ್ಲಿಸಿತು, ಆದರೆ ಬೇಯಿಸಿದ ಇಂಜೆರಾಕ್ಕೆ ತಡೆಯಿರಲಿಲ್ಲ. ಹಿಟ್ಟು ಬೀಸುವ, ಹುದುಗಿಸುವ, ಬೇಯಿಸುವ ಕೂಲಿ ಅಲ್ಲಿಯವರಿಗೇ ಉಳಿಯಿತು. ಇಲ್ಲಿ ಹಸಿದ ನಾಲಿಗೆಗಳಿದ್ದುದರಿಂದ ಅಲ್ಲಿ ಒಲೆಗಳು ಉರಿದವು.

ಅಣೆಕಟ್ಟಿಗೆ ತಾವೂ 500 ಡಾಲರಿನ ಬಾಂಡು ಕೊಂಡದ್ದಾಗಿ ಅವರು ಹೇಳಿದರು. ಈಜಿಪ್ಟಿನ ವಿರೋಧವಿದ್ದ ಯೋಜನೆಗೆ ಹೊರಗಿನ ದೊಡ್ಡ ಸಾಲ ಸಿಗದಿದ್ದಾಗ, ಇಥಿಯೋಪಿಯ ತನ್ನ ನೌಕರರ ಸಂಬಳಕ್ಕೂ ಹೊರದೇಶದ ತನ್ನವರ ಉಳಿತಾಯಕ್ಕೂ ಕೈಯೊಡ್ಡಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: “ಬಡ್ಡಿ ಎಷ್ಟಿತ್ತು?”

ಅವರು ಹೆಂಡತಿಯ ಮುಖ ನೋಡಿದರು. “ನೆನಪಿಲ್ಲವಲ್ಲ ಅಮ್ಮಾ” ಎಂದರು. ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಬಳಿಕ ಅವರೇ ಕಥೆ ಮುಂದುವರಿಸಿದರು. ಆ ಬಾಂಡುಗಳನ್ನು ಅಮೆರಿಕದಲ್ಲಿ ನೋಂದಾಯಿಸದೆ ಮಾರಲಾಗಿತ್ತು. 3,100ಕ್ಕೂ ಹೆಚ್ಚು ಜನ ಕೊಟ್ಟಿದ್ದ ಸುಮಾರು 58 ಲಕ್ಷ ಡಾಲರನ್ನು ಬಡ್ಡಿ ಸೇರಿಸಿ ಹಿಂತಿರುಗಿಸಬೇಕೆಂದು 2016ರಲ್ಲಿ ಅಲ್ಲಿನ ಷೇರುಪೇಟೆಯ ನಿಯಂತ್ರಕರು ವಿಧಿಸಿದರು. ಕಾನೂನು ಕಾಪಾಡಿದ್ದು ಇವರಂಥವರನ್ನೇ. ನಾನಾಗಿದ್ದರೆ ನಿಟ್ಟುಸಿರು ಬಿಡುತ್ತಿದ್ದೆ. ಇವರಿಗೆ ಮಾತ್ರ ಕೊಟ್ಟದ್ದನ್ನು ಬಾಗಿಲಲ್ಲೇ ನಿಲ್ಲಿಸಿ ಹಿಂದಕ್ಕೆ ಕೊಟ್ಟಂತಾಯಿತಂತೆ. ಮುಂದಿನ ಸಲ ಅಡಿಸ್‌ಗೆ ಹೋದಾಗ ಮತ್ತೆ ಕೊಂಡರಂತೆ.

ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಕಡೆಯ ಮುಯ್ಯಿ. ಮದುವೆಮನೆಯಲ್ಲಿ ಹಿರಿಯರೊಬ್ಬರು ನೋಟುಬುಕ್ಕು ಹಿಡಿದು ಕೂರುತ್ತಿದ್ದರು. ಬಂದವರು ಐದೋ ಹತ್ತೋ ಕೊಟ್ಟು ಹೆಸರು ಬರೆಸುತ್ತಿದ್ದರು. ಅವರ ಮನೆಯಲ್ಲಿ ಮದುವೆಯಾದಾಗ ಅದಕ್ಕೊಂದಿಷ್ಟು ಸೇರಿಸಿ ನಾವು ತೀರಿಸಬೇಕು. ಅದು ಸಾಲವೆಂದರೆ ಅವಮಾನ, ದಾನವೆಂದರೆ ಇನ್ನೂ ದೊಡ್ಡ ಅವಮಾನ. ಅದೇ ದಿನ ತೀರಿಸಹೋದರೆ ಸಂಬಂಧವೇ ಬೇಡವೆಂದಂತೆ. ಲೆಕ್ಕವನ್ನು ಅಚ್ಚುಕಟ್ಟಾಗಿ ಇಡಬೇಕು, ಆದರೆ ಎಂದೂ ಚುಕ್ತಾ ಆಗಬಾರದು. ಅಪ್ಪನ ಮುಯ್ಯಿ ಪುಸ್ತಕ ನೋಡಿ ಬೆಳೆದವಳು ಬ್ಯಾಂಕಿನ ಲೆಡ್ಜರಿನಲ್ಲಿ ಅದಕ್ಕೊಂದು ಕಲಮಿಲ್ಲವೆಂಬುದನ್ನು ಅಷ್ಟು ವರ್ಷ ಗಮನಿಸಿರಲೇ ಇಲ್ಲ.

ಆದರೆ ಇಷ್ಟಕ್ಕೇ ಕರಗಿಹೋದರೆ ನನ್ನ ವೃತ್ತಿಗೆ ದ್ರೋಹ ಬಗೆದಂತೆ. ಪೋಖ್ರಾನ್ ಪರೀಕ್ಷೆಯ ಬೆನ್ನಿಗೆ ದಿಗ್ಬಂಧನ ಬಿದ್ದಾಗ, 1998ರಲ್ಲಿ ಭಾರತ ಅನಿವಾಸಿಗಳಿಗಾಗಿ ರಿಸರ್ಜೆಂಟ್ ಇಂಡಿಯಾ ಬಾಂಡು ಹೊರಡಿಸಿತು. 400 ಕೋಟಿ ಡಾಲರಿಗೂ ಹೆಚ್ಚು ಹರಿದುಬಂತು. ಎಲ್ಲರೂ ದೇಶಾಭಿಮಾನ ಎಂದರು. ಕೌಂಟರಿನ ಈಚೆ ಕೂತ ನಾವು 7.75ರ ಬಡ್ಡಿಯನ್ನು ನೋಡಿ ನಕ್ಕೆವು. ಆ ನಗುವೇ ಕ್ರಮೇಣ ನನ್ನ ಸಿದ್ಧಾಂತವಾಯಿತು: ಹೊರಗಿದ್ದವರ ಪ್ರೀತಿಗೂ ಒಂದು ದರವಿದೆ. ನೈಜೀರಿಯ 2017ರಲ್ಲಿ ತನ್ನವರಿಗೆಂದು 30 ಕೋಟಿ ಡಾಲರಿನ ಬಾಂಡು ಬಿಟ್ಟು, ಅಮೆರಿಕದಲ್ಲಿ ಕ್ರಮವಾಗಿ ನೋಂದಾಯಿಸಿ, 5.625ರ ಬಡ್ಡಿ ಕೊಟ್ಟು ಗೆದ್ದದ್ದೂ ಇದನ್ನೇ ಹೇಳುವಂತಿತ್ತು. ಅತ್ತ ಇಥಿಯೋಪಿಯವೇ 2008ರಲ್ಲಿ ತನ್ನ ವಿದ್ಯುತ್ ನಿಗಮಕ್ಕೆಂದು ಬಿಟ್ಟ ಬಾಂಡಿಗೂ ಬಡ್ಡಿಯಿತ್ತು, ಕೊಳ್ಳುವವರು ಮಾತ್ರ ಹೆಚ್ಚಿರಲಿಲ್ಲ. ಅದೇ ದೇಶ, ಅದೇ ಜನ. ಬರೀ ಬಡ್ಡಿಯೇ ಎಳೆಯುವುದಾಗಿದ್ದರೆ ಅದೇಕೆ ಸೋತಿತು? ಬರೀ ಪ್ರೀತಿಯೇ ಸಾಕಾಗಿದ್ದರೆ ನೈಜೀರಿಯಕ್ಕೆ ನೋಂದಣಿಯ ರಗಳೆ ಏಕೆ ಬೇಕಿತ್ತು? ಪುಸ್ತಕ ಬರೆಯುವವನ ಮೇಲೆ ನಂಬಿಕೆಯಿಲ್ಲದ ಮನೆಯಲ್ಲಿ ಯಾರೂ ಮುಯ್ಯಿ ಬರೆಸುವುದಿಲ್ಲ.

ಮುಯ್ಯಿಗೊಂದು ಕರಾಳ ಮುಖವೂ ಉಂಟು. ನೆರೆಯ ಎರಿಟ್ರಿಯ ಹೊರದೇಶದಲ್ಲಿರುವ ತನ್ನ ಪ್ರಜೆಗಳ ಆದಾಯದಲ್ಲಿ ನೂರಕ್ಕೆ ಎರಡನ್ನು ತೆರಿಗೆಯೆಂದು ಕೇಳುತ್ತದೆ. ಅದನ್ನು ಬೆದರಿಕೆಯಿಂದ ವಸೂಲು ಮಾಡುವುದು ನಿಲ್ಲಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2011ರಲ್ಲಿ ನಿರ್ಣಯಿಸಿತು. ಬಾಗಿಲಿಗೆ ಬಂದು ಕತ್ತಿನ ಪಟ್ಟಿ ಹಿಡಿದು ವಸೂಲು ಮಾಡಿದರೆ ಅದು ಮುಯ್ಯಿಯಲ್ಲ. ಅಣೆಕಟ್ಟಿನ ಬಾಂಡು ಮಾರುವ ಸಭೆಗಳಲ್ಲೂ ಪ್ರತಿಭಟನೆಗಳಾಗಿದ್ದವು. ಅಣೆಕಟ್ಟು ಬೇಕು, ಆಳುವವರು ಬೇಡ ಎನ್ನುವವರಿದ್ದರು. 2020ರಿಂದ ಎರಡು ವರ್ಷ ಇಥಿಯೋಪಿಯದ ಟಿಗ್ರೆ ಪ್ರಾಂತ್ಯದಲ್ಲಿ ಅಂತರ್ಯುದ್ಧ ನಡೆಯಿತು. ಆ ಸಂಜೆ ಕರೆದರೂ ಬಾರದ ಮನೆಗಳಿದ್ದವು, ಆತಿಥೇಯರು ಆ ಹೆಸರುಗಳನ್ನು ಮೆಲ್ಲಗೆ ದಾಟಿದರು. ಕಾವೇರಿಯ ಜಗಳ ಕಂಡ ನಾನೂ ಕೆದಕಲಿಲ್ಲ.

ಬಾಂಡುಗಳ ಸುದ್ದಿ ಬಿಡಿ. ದೊಡ್ಡ ಹೊಳೆ ಹರಿಯುವುದು ಬೇರೆಡೆ. ವಿಶ್ವಬ್ಯಾಂಕಿನ ಲೆಕ್ಕದಂತೆ 2023ರಲ್ಲಿ ಸಹಾರಾದ ದಕ್ಷಿಣದ ಆಫ್ರಿಕಕ್ಕೆ ಹೊರಗಿನ ಮಕ್ಕಳು ಕಳಿಸಿದ್ದು ಸುಮಾರು 5,400 ಕೋಟಿ ಡಾಲರ್. 200 ಡಾಲರ್ ಕಳಿಸಿದರೆ ನೂರಕ್ಕೆ ಎಂಟರ ಆಸುಪಾಸು ದಾರಿಯಲ್ಲೇ ಸೋರಿಹೋಗುತ್ತದೆ. ಉಳಿದದ್ದು ಅಕ್ಕಿಗೆ, ಫೀಸಿಗೆ, ಔಷಧಿಗೆ ಕರಗುತ್ತದೆ, ಬಂಡವಾಳವಾಗುವುದಿಲ್ಲ ಎಂಬುದು ಬಲ್ಲವರ ಹಳೆಯ ಕೊರಗು. ಉಡುಪಿಯ ಶಾಖೆಯಲ್ಲಿದ್ದಾಗ ಕೊಲ್ಲಿಯ ದುಡ್ಡು ಮನೆಗೂ ಬಂಗಾರಕ್ಕೂ ಹೋಗುವುದನ್ನು ಕಂಡು ನಾನೂ ಹಾಗೆಯೇ ಕೊರಗಿದ್ದೆ, ಗ್ರಾಹಕರಿಗೆ ಉಪದೇಶವನ್ನೂ ಮಾಡಿದ್ದೆ.

ಕೆಳಮನೆಯವರು ಮೊದಲ ಟ್ಯಾಕ್ಸಿ ಕೊಂಡದ್ದು ಇಕುಬ್‌ನಿಂದ. ನಮ್ಮ ಚೀಟಿಯಂತೆಯೇ, ಕಾಗದಪತ್ರವಿಲ್ಲದ ಬರೀ ಮಾತಿನ ವ್ಯವಹಾರ. ಆ ದುಡಿಮೆಯಲ್ಲಿ ತಂಗಿ ನರ್ಸಾದಳು. ತಮ್ಮನಿಗೆ ಕೊಡಿಸಿದ ಮಿನಿಬಸ್ ಎರಡು ವರ್ಷದಲ್ಲಿ ಮುಳುಗಿತು. ಈಗ ಅದೇ ತಮ್ಮ ಅಲ್ಲಿಂದ ಬೆರ್ಬೆರೆ ಎಂಬ ಖಾರದ ಪುಡಿ ಕಳಿಸುತ್ತಾನೆ, ಇವರು ಇಬ್ಬರು ಗೆಳೆಯರೊಡನೆ ಇಲ್ಲಿನ ಅಂಗಡಿಗಳಿಗೆ ಹಾಕುತ್ತಾರೆ. ಯಾವ ಗಿರಣಿಯವನು ಕಲಬೆರಕೆ ಮಾಡುತ್ತಾನೆ, ಯಾರ ಮಾತು ನಿಲ್ಲುತ್ತದೆ ಎಂಬ ತಿಳಿವಳಿಕೆಯೇ ಇವರ ಅಸಲು. ಯಾವ ಬ್ಯಾಂಕಿನ ಯಾವ ಅರ್ಜಿಯಲ್ಲೂ ಅದನ್ನು ಬರೆಯಲು ಜಾಗವಿಲ್ಲ. ನಾನೇ ಮ್ಯಾನೇಜರಾಗಿದ್ದರೂ ಆ ತಮ್ಮನಿಗೆ ಎರಡನೆಯ ಸಲ ಸಾಲ ಮಂಜೂರು ಮಾಡುತ್ತಿರಲಿಲ್ಲ.

“ಒಮ್ಮೆ ಮುಳುಗಿಸಿದವನನ್ನು ಮತ್ತೆ ಹೇಗೆ ನಂಬಿದಿರಿ?” ಎಂದು ಕೇಳಿದೆ.

“ಮೊದಲು ಕೊಟ್ಟು ಸುಮ್ಮನಿರುತ್ತಿದ್ದೆ. ಈಗ ಲೆಕ್ಕ ಕೇಳುತ್ತೇನೆ. ಅವನಿಗೂ ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಆದರೆ ವಾರಕ್ಕೆ ಮೂರು ಸಲ ಮಾತಾಡುತ್ತೇವೆ.”

ಆ ಮಾತು ಅವರು ಎಣಿಸದ ಕಡೆ ಹೋಗಿ ನನಗೆ ನಾಟಿತು. ಮಗಳು ಐದು ವರ್ಷದಿಂದ ಊರಿನ ಮನೆಗೂ ತೋಟಕ್ಕೂ ಹಣ ಕಳಿಸುತ್ತಿದ್ದಾಳೆ. ಒಮ್ಮೆ ಫೋನಿನಲ್ಲಿ, “ಅಮ್ಮಾ, ಬೋರ್‌ವೆಲ್ಲಿಗೆ ಎಷ್ಟಾಯಿತು?” ಎಂದಿದ್ದಳು. ಇಡೀ ಶಾಖೆಯ ಲೆಕ್ಕ ನೋಡಿದವಳನ್ನು ಮಗಳು ಲೆಕ್ಕ ಕೇಳುವುದೇ ಎಂದು ನನಗೆ ಚುಚ್ಚಿತು. “ನಿನ್ನ ದುಡ್ಡು ಎಲ್ಲೂ ಹೋಗಿಲ್ಲ” ಎಂದು ಫೋನಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ಹಣ ಬರುತ್ತಲೇ ಇತ್ತು, ತೋಟದ ಮಾತು ನಿಂತುಹೋಯಿತು. ಅದನ್ನು ನಾನು ಅವಳ ಗೌರವವೆಂದು ತಿಳಿದಿದ್ದೆ.

ಹೊರಡುವ ಹಿಂದಿನ ರಾತ್ರಿ ಚೀಲದಿಂದ ಡೈರಿ ತೆಗೆದು ಅವಳ ಮುಂದಿಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು, ಆಗಾಗ ನಕ್ಕಳು, ತೆಂಗಿನ ಸಸಿಯ ಬೆಲೆಗೆ ಹುಬ್ಬೇರಿಸಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಕಡೆ ನಿಂತಳು. ಬೋರ್‌ವೆಲ್ಲಿನ ಪೈಪಿನ ಖರ್ಚನ್ನು ನಾನು ಎರಡು ಸಲ ಬರೆದಿದ್ದೆ.