ಕಳಿಂಗದಲ್ಲಿ ಕೆತ್ತದ ಮಾತು

ಕೊಲೆ ಮಾಡಿ ಜೈಲು ಕಂಡು ಬಂದವರನ್ನು ಕಾಲೇಜು ಹುಡುಗರ ಮುಂದೆ ಮಾತಿಗೆ ಕರೆಯಬಹುದೇ? ಶ್ರಾವಣದ ಪುರಾಣ ಮುಗಿದ ಒಂದು ರಾತ್ರಿ ಕುಕನೂರಿನ ಮಠದ ಕಟ್ಟೆಯ ಮೇಲೆ ಈ ವಾದ ಎದ್ದಿತು. ಎಬ್ಬಿಸಿದವಳು ನಾನೇ. ಬಳ್ಳಾರಿ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸಿ, ಸನ್ನಡತೆಯ ಮೇಲೆ ಬಿಡುಗಡೆಯಾದ ಒಬ್ಬರು ನಮ್ಮ ಊರ ಆಸುಪಾಸಿನಲ್ಲಿದ್ದಾರೆ. ಒಂದು ಕಾಲಕ್ಕೆ ಮಟ್ಕಾದ ಬಾಕಿ ವಸೂಲಿ ಮಾಡುವ ಗುಂಪಿನಲ್ಲಿದ್ದವರು, ಈಗ ಒಗ್ಗರಣೆ-ಮಿರ್ಚಿಯ ಬಂಡಿ ಇಟ್ಟುಕೊಂಡಿದ್ದಾರೆ. ಯಾವ ಹುಡುಗ ಯಾವ ‘ಅಣ್ಣ’ನ ಹಿಂದೆ ಬೈಕ್ ಹೊಡೆಯುತ್ತಿದ್ದಾನೆ, ಯಾರ ಫೋನಿನಲ್ಲಿ ಮಚ್ಚು ಹಿಡಿದ ರೀಲ್ಸ್ ಇದೆ ಎಂಬುದು ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಬಂಡಿಯ ಹಿಂದೆ ಕರೆದು ಕೂಡಿಸಿ ಮಾತಾಡುತ್ತಾರೆ. ಕೆಲವರು ಕೇಳುತ್ತಾರೆ. ಆ ಮಾತನ್ನು ತರಗತಿಯೊಳಗೂ ಆಡಲಿ ಎಂಬುದು ನನ್ನ ಆಸೆ.

ಕಾಳಿನ ವ್ಯಾಪಾರದ ಹಿರಿಯರೊಬ್ಬರು ತಕ್ಷಣ ಎದುರು ಹೇಳಿದರು: “ಅಕ್ಕೋರ, ಬಡತನ ನಮಗೂ ಇತ್ರೀ. ಬರ ಬಿದ್ದಾಗ ನಾವೂ ಗುಳೇ ಹೋಗೀವಿ. ನಾವ್ಯಾಕ ಚೂರಿ ಹಿಡೀಲಿಲ್ಲ?” ಪಕ್ಕದಲ್ಲಿದ್ದ ಎಳೆಯ ಉಪನ್ಯಾಸಕ ಕೆರಳಿದ: “ಹದಿನಾರು ವರ್ಷದ ಹುಡುಗನ ಕೈಯಾಗ ಚೂರಿ ಕೊಟ್ಟವರು ಯಾರ್ರೀ ಯಜಮಾನರ? ಅವರನ್ನ ಯಾರೂ ಕೇಳಂಗಿಲ್ಲ.” ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಬಂಡಿಯ ಹಿಂದೆ ಕೂತು ಆ ಮನುಷ್ಯ ಹುಡುಗರಿಗೆ ಹೇಳುವ ಮಾತು ಇವೆರಡೂ ಅಲ್ಲ. “ನಾ ಮಾಡೇನಿ” ಎಂದು ಶುರು ಮಾಡುತ್ತಾರೆ. ಬಡತನದ ಸುದ್ದಿ, ಕುಡುಕ ಅಪ್ಪನ ಸುದ್ದಿ ತೆಗೆಯುವುದೇ ಇಲ್ಲ. ಅವು ಇರಲಿಲ್ಲವೆಂದಲ್ಲ, ಅವರ ಮನೆಯ ಸ್ಥಿತಿ ನನಗೆ ಗೊತ್ತು.

ಹೊಣೆಯ ಪ್ರಶ್ನೆಯಲ್ಲಿ ಯಾರು ಹೇಳುತ್ತಾರೆ ಎಂಬುದು ಏನು ಹೇಳುತ್ತಾರೆ ಎಂಬಷ್ಟೇ ಮುಖ್ಯ ಎಂದು ನಾನು ನಂಬಿದ್ದೇನೆ. ಮಾಡಿದವನು ತಾನಾಗಿ “ನಾ ಮಾಡೇನಿ” ಎಂದಾಗ ಅವನ ಬೆನ್ನು ನೆಟ್ಟಗಾಗುತ್ತದೆ. ಅದೇ ಮಾತನ್ನು ಊರು ಅವನತ್ತ ಬೆರಳು ತೋರಿಸಿ “ನೀ ಮಾಡೀದಿ” ಎಂದು ಹೇಳಿ ಮುಗಿಸಿದರೆ, ಊರು ತನ್ನ ಪಾಲನ್ನು ಅವನ ಹೆಗಲಿಗೆ ಹೊರಿಸಿ ಮನೆಗೆ ಹೋದಂತೆ. ಕಾರಣಗಳನ್ನು ಹುಡುಕಬೇಕಾದವರು ನಾವು. ಕಾರಣಗಳ ಹಿಂದೆ ಅಡಗಿಕೊಳ್ಳಬಾರದವನು ಅವನು. ಕಟ್ಟೆಯ ಮೇಲೆ ಇವು ಅದಲುಬದಲಾಗಿದ್ದವು.

ಬಸವಣ್ಣನ ಕಾಲದ ಶರಣರ ಸಾಲಿನಲ್ಲಿ ಕನ್ನದ ಮಾರಿತಂದೆ ಎಂಬವನಿದ್ದಾನೆ. ಕನ್ನ ಕೊರೆದು ಕದಿಯುತ್ತಿದ್ದವನು. ಅವನ ಹೆಸರಿನಲ್ಲಿ ಉಳಿದಿರುವ ವಚನಗಳು ಬೆರಳೆಣಿಕೆಯಷ್ಟು. ಶರಣನಾದ ಮೇಲೂ ಆ ಹೆಸರಿನ ಮುಂದಿನ ಕನ್ನ ಹೋಗಲಿಲ್ಲ. ಹೆಂಡದ ಮಾರಯ್ಯನೂ ಹಾಗೆಯೇ, ಹೆಂಡದ ಮಾರಯ್ಯನಾಗಿಯೇ ಶರಣರ ನಡುವೆ ಕೂತ. ಹಿಂದಿನದನ್ನು ಒರೆಸಿಕೊಂಡು ಒಳಗೆ ಬಾ ಎಂದು ಕಲ್ಯಾಣ ಕೇಳಲಿಲ್ಲ. ಹಿಂದಿನದನ್ನು ಹೊತ್ತುಕೊಂಡೇ ಬಾ, ಇಲ್ಲಿ ಸರಿಯಾಗಿ ನಡೆ ಎಂದಿತು. ಹಣೆಬರಹ, ಪೂರ್ವಜನ್ಮದ ಕರ್ಮ ಎಂದು ಕೈಚೆಲ್ಲುವವರ ನಡುವೆ ಇದು ದೊಡ್ಡ ಮಾತು. ಹಣೆಬರಹ ಎಂದವನು ತನ್ನ ಹೊಣೆಯನ್ನೂ ಬಿಡುತ್ತಾನೆ, ಬದಲಾಗುವ ದಾರಿಯನ್ನೂ ಬಿಡುತ್ತಾನೆ.

ಇಂಥಲ್ಲಿ ಎಲ್ಲರೂ ವಾಲ್ಮೀಕಿಯ ಬೇಡನ ಕಥೆ ತೆಗೆಯುತ್ತಾರೆ. ನಾನು ತೆಗೆಯುವುದಿಲ್ಲ. ದರೋಡೆಕೋರನಾಗಿದ್ದ ಎಂಬ ಕಥೆ ವಾಲ್ಮೀಕಿ ರಾಮಾಯಣದಲ್ಲಿಲ್ಲ, ನಂತರದ್ದು. ಒಂದು ಸಮುದಾಯದ ಮಕ್ಕಳು ತಮ್ಮ ಮೂಲಪುರುಷನನ್ನು ಕಳ್ಳನೆಂದು ಪಾಠದಲ್ಲಿ ಕೇಳುವಾಗ ಅವರ ಮುಖ ಹೇಗಾಗುತ್ತದೆ ಎಂದು ತರಗತಿಯಲ್ಲಿ ನಿಂತು ಕಂಡವಳು ನಾನು. ಹುಟ್ಟಿಗೇ ಅಪರಾಧ ಅಂಟಿಸುವ ಕೆಲಸವನ್ನು ಬ್ರಿಟಿಷರು ಕಾನೂನಾಗಿಯೇ ಮಾಡಿದ್ದರು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಜಾತಿಗಳನ್ನು ಕಳ್ಳರೆಂದು ಘೋಷಿಸಿತು. ಹುಬ್ಬಳ್ಳಿಯಲ್ಲಿ, ನಮಗೆ ಹತ್ತಿರದ ಗದಗ-ಬೆಟಗೇರಿಯಲ್ಲಿ ಇಂಥವರನ್ನು ಕೂಡಿಟ್ಟ ಜಾಗಗಳನ್ನು ಜನ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಕಾಯ್ದೆ 1952ರಲ್ಲಿ ರದ್ದಾಯಿತು, ಹೆಸರು ಹೋಗಲಿಲ್ಲ. ವೈಯಕ್ತಿಕ ಹೊಣೆಯ ಬಗ್ಗೆ ಜೋರಾಗಿ ಮಾತಾಡುವವರು ಇದನ್ನು ನೆನೆಯಬೇಕು. ಒಬ್ಬ ಮಾಡಿದ್ದಕ್ಕೆ ಒಬ್ಬನೇ ಹೊಣೆ ಎನ್ನುವ ನ್ಯಾಯ ಆ ಕೇರಿಯ ಮಕ್ಕಳಿಗೆ ಸಿಗಲೇ ಇಲ್ಲ.

ಎಳೆಯ ಉಪನ್ಯಾಸಕನ ಪಕ್ಷಕ್ಕೂ ಒಂದು ದೊಡ್ಡ ಬೆಂಬಲವಿದೆ. ಷಿಕಾಗೊದಲ್ಲಿ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು, ಸಾಂಕ್ರಾಮಿಕ ರೋಗಗಳ ತಜ್ಞರು, ಹಿಂಸೆಯೂ ಒಬ್ಬರಿಂದ ಒಬ್ಬರಿಗೆ ಹರಡುವ ರೋಗದಂತೆ ಎಂದುಕೊಂಡು 2000ದಲ್ಲಿ ಕೆಲಸ ಆರಂಭಿಸಿದರು. ಹಿಂದೆ ಗ್ಯಾಂಗುಗಳಲ್ಲಿದ್ದವರನ್ನೇ ನೇಮಿಸಿ, ಸೇಡಿನ ಗುಂಡು ಹಾರುವ ಮುನ್ನ ನಡುವೆ ಹೋಗಿ ತಡೆಯಲು ಕಳಿಸಿದರು. ಅಲ್ಲಿಯ ಹುಡುಗರು ಪೊಲೀಸರ ಮಾತು ಕೇಳುವುದಿಲ್ಲ, ಇವರ ಮಾತು ಕೇಳುತ್ತಾರೆ. ನನಗೆ ಆ ಕೆಲಸದ ಮೇಲೆ ಗೌರವವಿದೆ. ಆದರೆ ರೋಗ ಎಂದ ಮೇಲೆ ರೋಗಿಯನ್ನು ಹೊಣೆ ಮಾಡುವುದು ಹೇಗೆ? ಜ್ವರ ಬಂದವನು “ನಾ ಮಾಡೇನಿ” ಎನ್ನುವುದಿಲ್ಲ. ಊರಿನ ಕಡೆಯಿಂದ ನೋಡುವಾಗ ರೋಗದ ಲೆಕ್ಕ ಸರಿ. ಹುಡುಗನ ಎದೆಯೊಳಗೆ ಅದನ್ನು ಇಳಿಸಬಾರದು.

ಇನ್ನು ಹೇಳುವ ಬಗೆ. ನಮ್ಮ ಊರು ನಾಟಕ ಬಲ್ಲ ಊರು, ಕಂಪನಿ ನಾಟಕಗಳನ್ನು ಬೆಳೆಸಿದ ಊರು. ವೇದಿಕೆಯ ಬಲ ನಮಗೆ ಗೊತ್ತು. ಅಗ್ನಿ ಶ್ರೀಧರ್ ತಮ್ಮ ಭೂಗತ ಬದುಕನ್ನು ‘ದಾದಾಗಿರಿಯ ದಿನಗಳು’ ಎಂದು ಬರೆದರು, ಕೊತ್ವಾಲ್ ರಾಮಚಂದ್ರನ ಕೊಲೆಯನ್ನೂ ಮುಚ್ಚಿಡಲಿಲ್ಲ. ಅದನ್ನು ಓದಿದ ನನ್ನ ಒಬ್ಬ ವಿದ್ಯಾರ್ಥಿಗೆ ನೆನಪಿದ್ದದ್ದು ಯಾರು ಯಾರಿಗೆ ಹೆದರುತ್ತಿದ್ದರು ಎಂಬುದಷ್ಟೇ. ಬರೆದವರ ತಪ್ಪು ಎನ್ನಲಾರೆ. 1995ರ ‘ಓಂ’ ಚಿತ್ರದಲ್ಲಿ ನಿಜವಾದ ರೌಡಿಗಳೇ ಕಾಣಿಸಿಕೊಂಡರು. ನಮ್ಮ ಹುಡುಗರು ಅದನ್ನು ಇವತ್ತಿಗೂ ಸಿಳ್ಳೆ ಹೊಡೆದು ನೋಡುತ್ತಾರೆ. ಇದಕ್ಕೆ ಎದುರಾಗಿ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯೊಳಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಆಧರಿಸಿ ಎಚ್.ಎಸ್. ಶಿವಪ್ರಕಾಶ್ ಬರೆದ ‘ಮಾರನಾಯಕ’ನನ್ನು ಕೊಲೆಯ ಶಿಕ್ಷೆ ಅನುಭವಿಸುತ್ತಿದ್ದವರೇ ಆಡಿದರು. ಕೊಂದ ಮೇಲೆ ನಿದ್ದೆ ಕಳೆದುಕೊಂಡ ನಾಯಕನ ಮಾತನ್ನು, ನಿಜವಾಗಿ ಕೊಂದವನು ದಿನದಿನವೂ ತಾಲೀಮಿನಲ್ಲಿ ತನ್ನ ಬಾಯಿಂದ ಹೇಳಬೇಕು. ಹೇಳಿಸುವುದೆಂದರೆ ಇದು.

ನನ್ನ ಮನಸ್ಸನ್ನು ಹೆಚ್ಚು ಕಾಡುವವನು ಮಾತ್ರ ಇವರಿಗಿಂತ ಬಹಳ ಹಳಬ, ನಮ್ಮ ಜಿಲ್ಲೆಯ ಬಂಡೆಗಳ ಮೇಲೆಯೇ ಇದ್ದಾನೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಕಿರು ಶಾಸನಗಳಿವೆ. ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ, ಬಂಡೆಯ ಹತ್ತಿರ ಹೋಗುವವರು ಕಡಿಮೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ತಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಮೊದಲ ಒಂದು ವರ್ಷ ಸರಿಯಾಗಿ ಪ್ರಯತ್ನಿಸಲಿಲ್ಲ, ಆಮೇಲೆ ಪಟ್ಟು ಹಿಡಿದೆ, ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಪ್ರಯತ್ನದಿಂದ ಇದು ಸಾಧ್ಯ ಎಂದು ದೊರೆ ಕೆತ್ತಿಸುತ್ತಾನೆ. ಕೊಂದು ಬದಲಾದವನೊಬ್ಬ ನಮ್ಮ ನೆಲದವರಿಗೆ ಹೇಳಿದ ಬುದ್ಧಿಮಾತು ಅದು.

ಕಳಿಂಗ ಯುದ್ಧದ ಪಶ್ಚಾತ್ತಾಪ ಅವನ ಹದಿಮೂರನೆಯ ಮಹಾಶಾಸನದಲ್ಲಿದೆ. ಒಂದೂವರೆ ಲಕ್ಷ ಜನ ಸೆರೆಹೋದರು, ಒಂದು ಲಕ್ಷ ಜನ ಸತ್ತರು ಎಂದು ಲೆಕ್ಕ ಕೊಟ್ಟು ದುಃಖಪಡುತ್ತಾನೆ. ಗಿರ್ನಾರದಲ್ಲಿ, ಆಂಧ್ರದ ಎರ್ರಗುಡಿಯಲ್ಲಿ ಅದನ್ನು ಕೆತ್ತಿಸಿದ. ಕಳಿಂಗದ ಧೌಲಿಯಲ್ಲಿ, ಜೌಗಡದಲ್ಲಿ ಕೆತ್ತಿಸಲಿಲ್ಲ. ಲೋಕಕ್ಕೆಲ್ಲ ಹೇಳಿಕೊಂಡ ಪಶ್ಚಾತ್ತಾಪವನ್ನು ಯಾರ ಮನೆ ಮುರಿದಿದ್ದನೋ ಅವರ ಮುಂದೆ ಹೇಳಲಿಲ್ಲ.

ಮೊದಲು ಇದು ನನಗೆ ಹೇಡಿತನವಾಗಿಯೇ ಕಂಡಿತ್ತು. ಆದರೆ ಅದರ ಬದಲು ಅಲ್ಲಿ ಏನನ್ನು ಕೆತ್ತಿಸಿದ್ದಾನೆ ನೋಡಬೇಕು. ಎಲ್ಲ ಜನರೂ ನನ್ನ ಮಕ್ಕಳು ಎನ್ನುತ್ತಾನೆ, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ ಎಂದು ತನ್ನ ಅಧಿಕಾರಿಗಳಿಗೆ ಕಟ್ಟಪ್ಪಣೆ ಮಾಡುತ್ತಾನೆ. ಕಳಿಂಗದವರಿಗೆ ತನ್ನ ಕಣ್ಣೀರನ್ನು ತೋರಿಸದೆ, ತನ್ನವರ ಕೈ ಕಟ್ಟಿಹಾಕಿದ. ಅವನ ಮನಸ್ಸಿನಲ್ಲಿ ಏನಿತ್ತೋ, ನಾನು ಮಾತ್ರ ಇದನ್ನು ಹೀಗೆ ಓದುತ್ತೇನೆ. ಪಶ್ಚಾತ್ತಾಪದ ಕಥೆಗೆ ಕೇಳುಗರು ಬೇಕು, ನೊಂದವರನ್ನು ಆ ಕೇಳುಗರನ್ನಾಗಿ ಮಾಡುವುದು ಇನ್ನೊಂದು ಹಿಂಸೆ.

ಹೀಗೆ ಓದಲು ನನಗೆ ಕಲಿಸಿದವಳು ನಮ್ಮ ಬಂಡಿಯವರ ಕೈಯಲ್ಲಿ ಸತ್ತವನ ಹೆಂಡತಿ. ಕರೆಸುವ ಮೊದಲು ಅವಳನ್ನು ಕೇಳಬೇಕು ಎನಿಸಿ ಹೋಗಿದ್ದೆ. ಕಡಲೆ ಹಸನ ಮಾಡುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ಹುಡುಗರಿಗೆ ಹೇಳವಲ್ನಾಕ್ರೀ ಅಕ್ಕೋರ, ನಾ ಯಾಕ ಬ್ಯಾಡ ಅನ್ಲಿ. ನನ್ನ ಮುಂದ ಬಂದು ಅಳೂದು ಮಾತ್ರ ಬ್ಯಾಡ. ಮತ್ತ ನನ್ನ ಗಂಡನ ಹೆಸರು ತಗೀಬಾರದು.” ಕ್ಷಮಿಸಿದ್ದೀಯಾ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ಕೇಳುವ ಅಧಿಕಾರ ನನಗಿಲ್ಲ, ಮಠಕ್ಕೂ ಇಲ್ಲ, ಸನ್ನಡತೆಯ ಪಟ್ಟಿ ಮಾಡುವ ಸರ್ಕಾರಕ್ಕೂ ಇಲ್ಲ. ಅಂಗುಲಿಮಾಲ ಭಿಕ್ಷುವಾದ ಮೇಲೂ ಶ್ರಾವಸ್ತಿಯ ಬೀದಿಯಲ್ಲಿ ಕಲ್ಲೇಟು ತಿಂದು, ಒಡೆದ ಭಿಕ್ಷಾಪಾತ್ರೆ ಹಿಡಿದು ರಕ್ತ ಸುರಿಸುತ್ತ ಮರಳಿದ. ಬುದ್ಧ ಅವನಿಗೆ ಸಹಿಸಿಕೋ ಎಂದನೇ ಹೊರತು, ಕಲ್ಲೆಸೆದವರಿಗೆ ಇವನನ್ನು ಕ್ಷಮಿಸಿ ಎಂದು ಹೇಳಿಕಳಿಸಲಿಲ್ಲ.

ಆದ್ದರಿಂದ ಕಾರ್ಯಕ್ರಮ ಬೇಡ, ತರಗತಿ ಸಾಕು ಎಂದು ತೀರ್ಮಾನಿಸಿದೆವು. ಶಾಲು, ಹಾರ, ಮೈಕು ಇಲ್ಲ. ಅವರು ಹುಡುಗರ ನಡುವೆ ಬೆಂಚಿನ ಮೇಲೆ ಕೂರುತ್ತಾರೆ. ಏಟಿನ ವರ್ಣನೆ ಮಾಡುವುದಿಲ್ಲ, ಸತ್ತವರ ಹೆಸರು ತೆಗೆಯುವುದಿಲ್ಲ. ಇದಕ್ಕೆ ಅವರು ಕೂಡಲೇ ಒಪ್ಪಿದರು. ನನ್ನದೊಂದು ಬೇಡಿಕೆ ಇನ್ನೂ ಉಳಿದಿದೆ. ಆ ವಸೂಲಿ ಹಣದಲ್ಲಿ ಗಣೇಶನ ಪೆಂಡಾಲಿಗೆ ಪಟ್ಟಿ ಎತ್ತಿದವರು, ಚುನಾವಣೆಯ ರಾತ್ರಿಗಳಲ್ಲಿ ಆ ಹುಡುಗರಿಗೆ ಕುಡಿಸಿ ಕೆಲಸ ಮಾಡಿಸಿಕೊಂಡವರು ಊರಿನಲ್ಲಿದ್ದಾರೆ. ಕೆಲವರು ಆ ಕಟ್ಟೆಯ ಮೇಲೂ ಇದ್ದರು. ಅವರಲ್ಲಿ ಒಬ್ಬರಾದರೂ ಅದೇ ತರಗತಿಯಲ್ಲಿ, ಬಂಡಿಯವರಿಗಿಂತ ಮೊದಲು ಎದ್ದು, ತಾವು ಮಾಡಿದ್ದನ್ನು ಹೇಳಬೇಕು. ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ. ಈವರೆಗೆ ಯಾರೂ ಹೂಂ ಅಂದಿಲ್ಲ. ಕಾಳಿನ ಅಂಗಡಿಯ ಯಜಮಾನರು ಮಾತ್ರ, ದಸರೆ ಮುಗಿಯಲಿ, ವಿಚಾರ ಮಾಡಿ ಹೇಳುತ್ತೇನೆ ಎಂದಿದ್ದಾರೆ.