ಒಂದು ಅಂಕ ಯಾರ ಲೆಕ್ಕಕ್ಕೆ?

ಡಾಕ್ಟರಾದವನಿಂದ ಸಂಘದ ಪತ್ರಿಕೆಗೆ ಬರಬೇಕಾದದ್ದು ಸಕ್ಕರೆ ಕಾಯಿಲೆಯ ಬಗ್ಗೆ, ಕೊಲೆಸ್ಟರಾಲ್ ಬಗ್ಗೆ, ಇಲ್ಲವೇ ಊರಿಗೆ ಹೋಗುವ ಮುನ್ನ ಹಾಕಿಸಿಕೊಳ್ಳಬೇಕಾದ ಚುಚ್ಚುಮದ್ದಿನ ಬಗ್ಗೆ. ಸಂಪಾದಕರು ಕೇಳಿದ್ದೂ ಅದನ್ನೇ. ಆದರೆ ಕೆಲವು ವರ್ಷಗಳಿಂದ ಒಂದು ಅಂಕದ ವಿಷಯ ನನ್ನ ಮನಸ್ಸನ್ನು ಕೊರೆಯುತ್ತಿದೆ. ಅದು ನನ್ನ ಅಂಕವೂ ಅಲ್ಲ, ಮಗಳದು. ಅದೂ ಲ್ಯಾಟಿನ್ ಭಾಷೆಯ ಪರೀಕ್ಷೆಯದು. ಈ ಸಲ ಸಕ್ಕರೆಯನ್ನು ಓದುಗರು ತಾವೇ ನೋಡಿಕೊಳ್ಳಬೇಕೆಂದು ವಿನಂತಿ.

ಲ್ಯಾಟಿನ್ನಿಗೂ ನನಗೂ ನಂಟು ಬೆಳೆದದ್ದು ಒಂದು ಅವಮಾನದಿಂದ. 1998ರಲ್ಲಿ ಅಮೆರಿಕಕ್ಕೆ ಬಂದು ರೆಸಿಡೆನ್ಸಿಗೆ ಸೇರಿದ ಮೊದಲ ವಾರ, ರಕ್ತದೊತ್ತಡದ ಮಾತ್ರೆಯೊಂದರ ಮುಂದೆ ಊರಿನ ಅಭ್ಯಾಸದಂತೆ ‘ಓಡಿ’ ಎಂದು ಬರೆದೆ. ನಮ್ಮ ಕಡೆ ಹಾಗೆಂದರೆ ದಿನಕ್ಕೊಂದು ಸಲ. ಅರ್ಧ ಗಂಟೆಯೊಳಗೆ ಫಾರ್ಮಸಿಯಿಂದ ಫೋನು ಬಂತು: “ಡಾಕ್ಟರ್, ಈ ಮಾತ್ರೆಯನ್ನು ಬಲಗಣ್ಣಿಗೆ ಹಾಕಲು ಬರೆದಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಏನಿತ್ತು, ಹೇಳುತ್ತೀರಾ?” ಇಲ್ಲಿ ಆ ಎರಡಕ್ಷರಕ್ಕೆ ಓಕುಲುಸ್ ದೆಕ್ಸ್ತೆರ್, ಅಂದರೆ ಬಲಗಣ್ಣು ಎಂದರ್ಥ. ದಿನಕ್ಕೊಮ್ಮೆ ಎನ್ನಲು ಇಲ್ಲಿಯವರು ‘ಕ್ಯೂಡಿ’ ಬರೆಯುತ್ತಿದ್ದರು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಅದನ್ನೂ ಬಳಸಬಾರದ ಸಂಕ್ಷೇಪಗಳ ಪಟ್ಟಿಗೆ ಸೇರಿಸಿತು. ಇರಲಿ. ದಿನವೂ ನಾಲ್ಕಾರು ಸಲ ಗೀಚುವ ಅಕ್ಷರಗಳ ಅರ್ಥವೇ ಗೊತ್ತಿಲ್ಲದೆ ಎಂಬಿಬಿಎಸ್ ಮುಗಿಸಿದ್ದೆನಲ್ಲ ಎಂಬ ನಾಚಿಕೆ ಮಾತ್ರ ಉಳಿಯಿತು.

2013ರಲ್ಲಿ ಒಂಬತ್ತನೆಯ ತರಗತಿಗೆ ಹೋದ ಮಗಳು ಲ್ಯಾಟಿನ್ ಆರಿಸಿಕೊಂಡಾಗ ಅವಳಿಗಿಂತ ನನಗೇ ಹೆಚ್ಚು ಉತ್ಸಾಹ. ಹೈಸ್ಕೂಲಿನಲ್ಲಿ ಅಂಕದ ಆಸೆಗೆ ಸಂಸ್ಕೃತ ತೆಗೆದುಕೊಂಡವರ ಗುಂಪಿನವನು ನಾನು. ರಾಮಃ ರಾಮೌ ರಾಮಾಃ ಎಂದು ಬೆಂಚಿನ ಮೇಲೆ ನಿಂತು ಒಪ್ಪಿಸಿದವನು. ಲ್ಯಾಟಿನ್ನಿನಲ್ಲಿ ದ್ವಿವಚನವಿಲ್ಲ ಎಂದು ತಿಳಿದಾಗ ಮೂವತ್ತು ವರ್ಷ ತಡವಾಗಿ ಒಂದು ಭಾರ ಇಳಿದಂತಾಯಿತು. ಬೆಂಕಿಗೆ ಇಗ್ನಿಸ್, ನಮ್ಮ ಅಗ್ನಿ. ಮೊಣಕಾಲಿಗೆ ಗೆನು, ನಮ್ಮ ಜಾನು. ಪಿತ್ತಜನಕಾಂಗಕ್ಕೆ ಯೆಕುರ್, ಆಯುರ್ವೇದದವರ ಯಕೃತ್. ಕನ್ನಡದ ಮೂಲ ಬೇರೆಯಾದರೂ ಸಂಸ್ಕೃತದ ಕೈಹಿಡಿದು ಈ ಮಾತುಗಳು ನಮ್ಮ ಮನೆಗೂ ಬಂದಿವೆ.

ಆದರೆ ರೂಪಗಳನ್ನು ಬಾಯಿಪಾಠ ಮಾಡುವುದು ಎಲ್ಲ ಕಾಲದಲ್ಲೂ ಕಷ್ಟವೇ. ನಾಮಪದಗಳಿಗೆ ಐದು ವರ್ಗ, ಕ್ರಿಯಾಪದಗಳಿಗೆ ನಾಲ್ಕು. ಒಂದೊಂದು ಕ್ರಿಯಾಪದಕ್ಕೆ ನೂರಕ್ಕೂ ಹೆಚ್ಚು ರೂಪ. ರೆಗಿತ್ ಎಂದರೆ ಆಳುತ್ತಾನೆ, ರೆಗೆತ್ ಎಂದರೆ ಮುಂದೆ ಆಳುವನು, ರೆಗತ್ ಎಂದರೆ ಆಳಲಿ. ಒಂದು ಸ್ವರ ತಪ್ಪಿದರೆ ವರ್ತಮಾನ ಹೋಗಿ ಹಾರೈಕೆಯಾಗುತ್ತದೆ. ಮಗಳು ಒದ್ದಾಡುವುದನ್ನು ನೋಡಿ, ಮೂರು ವಾರದ ರಾತ್ರಿಗಳನ್ನು ಹಾಕಿ ಅವಳಿಗೊಂದು ಪ್ರೋಗ್ರಾಂ ಬರೆದೆ. ಪದದ ಮೂಲ ಕೊಟ್ಟರೆ ರೂಪಗಳನ್ನೆಲ್ಲ ಅದು ನಿಯಮದ ಪ್ರಕಾರ ತಾನೇ ಕಟ್ಟಿಕೊಂಡು ಪ್ರಶ್ನೆ ಕೇಳುತ್ತದೆ. ಉತ್ತರ ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ತಪ್ಪಿದ ಪದ ಮೂರು ಪ್ರಶ್ನೆಗಳ ನಂತರ ಮತ್ತೆ ಬರುತ್ತದೆ, ಸರಿಯಾದದ್ದು ದಿನಗಟ್ಟಲೆ ಹಿಂದೆ ಸರಿಯುತ್ತದೆ. ಈ ಉಪಾಯ ನನ್ನದಲ್ಲ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನಿಯ ಪತ್ರಕರ್ತರು 1972ರ ತಮ್ಮ ಪುಸ್ತಕದಲ್ಲಿ ಕಾರ್ಡುಗಳನ್ನು ಡಬ್ಬಿಯ ಖಾನೆಯಿಂದ ಖಾನೆಗೆ ದಾಟಿಸುವ ಕ್ರಮವನ್ನು ವಿವರಿಸಿದ್ದರು. ನನ್ನ ಸ್ವಂತ ಸೇರ್ಪಡೆ ಒಂದೇ: ಅವಳು ಟೈಪ್ ಮಾಡಿದ ಪ್ರತಿಯೊಂದು ಉತ್ತರವೂ ತಾರೀಖಿನ ಸಮೇತ ದಾಖಲಾಗುತ್ತಿತ್ತು. ರೋಗಿಯ ಚಾರ್ಟು ಬರೆದು ರೂಢಿಯಾದವನ ಬುದ್ಧಿ.

ಮೂರನೆಯ ವರ್ಗದ ಷಷ್ಠೀ ಬಹುವಚನದಲ್ಲಿ ಒಂದು ತೊಡಕಿದೆ. ಕೆಲವು ಪದಗಳಿಗೆ ‘ಉಮ್’ ಹತ್ತುತ್ತದೆ, ಕೆಲವಕ್ಕೆ ‘ಇಯುಮ್’. ರಾಜನಿಗೆ ರೆಕ್ಸ್, ರಾಜರ ಎನ್ನಲು ರೇಗುಮ್. ಊರಿಗೆ ಉರ್ಬ್ಸ್, ಊರುಗಳ ಎನ್ನಲು ಉರ್ಬಿಯುಮ್. ಪದ ಒಂದೇ ಉಚ್ಚಾರದ್ದಾಗಿದ್ದು, ಪ್ರತ್ಯಯಕ್ಕೆ ಮುಂಚೆ ಎರಡು ವ್ಯಂಜನ ಒಟ್ಟಿಗೆ ಬಂದರೆ ‘ಇಯುಮ್’ ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಆಶ್ರಿತ ಎಂಬ ಅರ್ಥದ ಕ್ಲಿಯೆನ್ಸ್ ಎರಡು ಉಚ್ಚಾರದ್ದು, ಅದಕ್ಕೂ ಕ್ಲಿಯೆಂತಿಯುಮ್ ಎಂದೇ ಬರುತ್ತದೆ. ಹಾಗಾದರೆ ಉಚ್ಚಾರ ಎಣಿಸುವ ಷರತ್ತು ಯಾಕೆ ಎಂದು ಅದನ್ನು ಕಿತ್ತು ಹಾಕಿದೆ. ನಿಜ ಹೇಳಬೇಕೆಂದರೆ ಎಣಿಸುವ ಸಾಲುಗಳನ್ನು ಬರೆಯಲು ಬೇಸರವಾಗಿತ್ತು. ಪರೀಕ್ಷೆಗೆಂದು ವೈದ್ಯನಿಗೆ ಹತ್ತಿರದ ಪದವನ್ನೇ ಕೊಟ್ಟೆ: ವೆಂತೆರ್, ಹೊಟ್ಟೆ. ಪ್ರೋಗ್ರಾಂ ವೆಂತ್ರಿಯುಮ್ ಎಂದಿತು. ನಿಘಂಟೂ ಹಾಗೇ ಹೇಳುತ್ತದೆ. ಸಂತೋಷದಿಂದ ಮಲಗಿದೆ.

ಆರು ವಾರದ ನಂತರ ಮಗಳ ಉತ್ತರ ಪತ್ರಿಕೆ ಅಡುಗೆಮನೆಯ ಮೇಜಿನ ಮೇಲಿತ್ತು. ‘ತಂದೆಯರ’ ಎಂಬಲ್ಲಿ ಅವಳು ಪತ್ರಿಯುಮ್ ಎಂದು ಬರೆದಿದ್ದಳು. ಟೀಚರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪತ್ರುಮ್ ಎಂದು ತಿದ್ದಿದ್ದರು. ಒಂದು ಅಂಕ ಹೋಗಿತ್ತು. “ಇಷ್ಟು ಸುಲಭದ ಪದ! ಮನೆಯಲ್ಲಿ ಬೇಕಾದ ಅನುಕೂಲ ಮಾಡಿಕೊಟ್ಟರೂ ನಿನಗೆ ಗಮನವೇ ಇಲ್ಲ” ಎಂದು ಗದರಿಸಿದೆ. “ಸಾರಿ ಅಪ್ಪ” ಎಂದು ಅವಳು ಮೇಲೆ ಹೋದಳು. ಅವಳಿಗೆ ತೋರಿಸಿ ಬುದ್ಧಿ ಹೇಳೋಣವೆಂದು ರಾತ್ರಿ ಪ್ರೋಗ್ರಾಂ ತೆರೆದು ಪತೆರ್ ಎಂದು ಕೊಟ್ಟೆ. ಅದು ಸ್ವಲ್ಪವೂ ಅಳುಕದೆ ಪತ್ರಿಯುಮ್ ಎಂದಿತು.

ಆಮೇಲೆ ದಾಖಲೆ ತೆರೆದೆ. ಮೊದಲ ದಿನ ಮಗಳು ಬರೆದದ್ದು ಪತ್ರುಮ್. ಕೆಂಪು. ಮೂರು ಪ್ರಶ್ನೆ ಬಿಟ್ಟು ಮತ್ತೆ ಪತ್ರುಮ್. ಕೆಂಪು. ಮರುದಿನವೂ ಪತ್ರುಮ್, ಕೆಂಪು. ನಾಲ್ಕನೆಯ ಸಲ ಪತ್ರಿಯುಮ್, ಹಸಿರು. ಅಲ್ಲಿಂದ ಮುಂದೆ ಎಲ್ಲವೂ ಹಸಿರು, ಪದ ಕೊನೆಯ ಖಾನೆಗೆ ಹೋಗಿ ‘ಕಲಿತಾಯಿತು’ ಎಂಬ ಪಟ್ಟಿ ಸೇರಿತ್ತು. ಮಗುವಿಗೆ ಸರಿಯಾದದ್ದು ಗೊತ್ತಿತ್ತು. ನಾನು ಕಷ್ಟಪಟ್ಟು, ನಿದ್ದೆಗೆಟ್ಟು, ಲೈಟ್ನರ್ ಅವರ ವಿಧಾನ ಬಳಸಿ ಅದನ್ನು ಮರೆಸಿದ್ದೆ.

ಬೆಳಿಗ್ಗೆ ಕೇಳಿದೆ, “ನಿನಗೆ ಅನುಮಾನ ಬರಲಿಲ್ಲವೇ ಪುಟ್ಟಿ?”

“ಬಂತು. ಡಿಕ್ಷನರಿ ನೋಡಿದೆ. ಪತ್ರಿಯುಸ್ ಅಂತ ಏನೋ ಇತ್ತು. ಸರಿ, ಇರಬಹುದು ಅಂದ್ಕೊಂಡೆ.”

“ನಿನ್ನೆ ಬೈದಾಗಲಾದರೂ ಹೇಳಬಾರದಿತ್ತೇ?”

“ನಿನಗೆ ಬೇಜಾರಾಗತ್ತೆ ಅಂತ. ಮೂರು ವಾರ ಕೂತು ಮಾಡಿದ್ದೆಯಲ್ಲ.”

ಪತ್ರಿಯುಸ್ ಎಂಬ ಪದ ಇದೆ, ಅದಕ್ಕೆ ‘ತಂದೆಗೆ ಸೇರಿದ’ ಎಂದರ್ಥ. ನಾವು ಮಾತೃಭಾಷೆ ಎನ್ನುವುದನ್ನು ರೋಮನ್ನರು ಪತ್ರಿಯುಸ್ ಸೆರ್ಮೋ, ತಂದೆಯ ಮಾತು ಎಂದರು. ಹೀಗಾಗಿ ತಂದೆಯ ಮಾತಿನ ಮೇಲೆ ಮಗಳು ಇಟ್ಟ ನಂಬಿಕೆಗೆ ನಿಘಂಟೂ ಸುಳ್ಳು ಸಾಕ್ಷಿ ಹೇಳಿದಂತಾಗಿತ್ತು.

ಟೀಚರಿಗೆ ಪತ್ರ ಬರೆದು, ತಪ್ಪು ನನ್ನದು, ಅಂಕ ಹಿಂದಿರುಗಿಸಿ ಎಂದು ಕೇಳುತ್ತೇನೆಂದೆ. ಮಗಳು ಒಪ್ಪಲಿಲ್ಲ. “ಪೇಪರಿನ ಮೇಲೆ ನನ್ನ ಹೆಸರಿದೆ, ಬರೆದವಳು ನಾನು” ಎಂದಳು. ಸಾಫ್ಟ್‌ವೇರಿನಲ್ಲಿರುವ ನಮ್ಮ ಸಂಘದ ಗೆಳೆಯರೊಬ್ಬರು ಕಾಫಿ ಕುಡಿಯುತ್ತಾ, “ಅದು ಬಗ್ ಸ್ವಾಮಿ. ತಿದ್ದಿ ಮುಂದೆ ಹೋಗುವುದಪ್ಪ, ಇದಕ್ಕೆ ಇಷ್ಟೊಂದು ವೇದಾಂತವೇಕೆ?” ಎಂದರು. ಒಳಗಿನಿಂದ ನನ್ನಾಕೆ ಕೇಳಿದಳು, “ಗದರಿಸಿದ್ದೂ ಬಗ್ಗೇನೇನು?” ಗೆಳೆಯರು ಕಾಫಿಯತ್ತ ಗಮನ ಕೊಟ್ಟರು.

ನಾನು ಈ ಮೂವರ ಮಾತನ್ನೂ ಬಹಳ ದಿನ ತೂಗಿ ನೋಡಿದ್ದೇನೆ. ಮಗಳ ಮಾತು ದೊಡ್ಡದು, ಆದರೆ ಅದನ್ನು ಒಪ್ಪಿಕೊಳ್ಳುವುದು ನನಗೆ ತೀರಾ ಅನುಕೂಲ. ಅನುಕೂಲವಾದ ತೀರ್ಪನ್ನು ಅನುಮಾನದಿಂದ ನೋಡಬೇಕು. ಗೆಳೆಯರ ಮಾತೂ ಅರ್ಧ ನಿಜ, ಷರತ್ತು ತೆಗೆದದ್ದು ಬಗ್. ಆದರೆ ಮೂರು ಸಲ ಪತ್ರುಮ್ ಎಂದವಳಿಗೆ “ಯಾಕೆ ಹಾಗಂದುಕೊಂಡೆ?” ಎಂದು ಕೇಳುವ ಜಾಗವನ್ನೇ ನಾನು ಆ ಯಂತ್ರದಲ್ಲಿ ಇಟ್ಟಿರಲಿಲ್ಲ. ಅದು ಬಗ್ ಅಲ್ಲ, ನನ್ನ ಸ್ವಭಾವ. ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟರನ್ನೇ ನಾನು ಕಂಪ್ಯೂಟರಿನೊಳಗೆ ಕೂರಿಸಿದ್ದೆ.

ನಿಯಮ ದೊಡ್ಡದೋ ರೂಢಿ ದೊಡ್ಡದೋ ಎಂಬ ಜಗಳ ರೋಮಿನಲ್ಲೇ ನಡೆದಿತ್ತು. ಜೂಲಿಯಸ್ ಸೀಸರ್ ಭಾಷೆಯ ನಿಯಮಬದ್ಧತೆಯ ಬಗ್ಗೆ ಎರಡು ಭಾಗಗಳ ಗ್ರಂಥವನ್ನೇ ಬರೆದ. ಆಲ್ಪ್ಸ್ ಪರ್ವತ ದಾಟುತ್ತಾ ಬರೆದನೆಂದು ಸ್ವೆಟೋನಿಯಸ್ ಹೇಳುತ್ತಾನೆ. ಅವನ ಕಾಲದವನೇ ಆದ ವಾರ್ರೋ ತನ್ನ ಭಾಷಾಗ್ರಂಥದ ಎಂಟನೆಯ ಭಾಗದಲ್ಲಿ ನಿಯಮದ ವಿರುದ್ಧ ವಾದಿಸಿ, ಒಂಬತ್ತರಲ್ಲಿ ಅದರ ಪರವಾಗಿ ವಾದಿಸಿ, ಹತ್ತರಲ್ಲಿ ಎರಡನ್ನೂ ಹೊಂದಿಸಲು ಕೂರುತ್ತಾನೆ. ಎರಡೂ ಕಡೆಯ ವಕೀಲಿಕೆಯನ್ನು ಒಬ್ಬನೇ ಮಾಡಿದ ಆ ತಾಳ್ಮೆಯಲ್ಲಿ ಕಾಲುಭಾಗ ನನಗಿದ್ದರೂ ಸಾಕಿತ್ತು.

ಹತ್ತಿರದ ಉದಾಹರಣೆ ಇನ್ನೂ ಚೆನ್ನಾಗಿದೆ. ಅಮೆರಿಕದ ವಾಯುಸೇನೆಯಲ್ಲಿ ಕರ್ನಲ್ ಆಗಿ ನಿವೃತ್ತರಾದ ವಿಲಿಯಂ ವಿಟೇಕರ್ ‘ವರ್ಡ್ಸ್’ ಎಂಬ ಲ್ಯಾಟಿನ್ ಪ್ರೋಗ್ರಾಂ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. 2010ರಲ್ಲಿ ಅವರು ತೀರಿಕೊಂಡ ಮೇಲೂ ಅದು ಬಳಕೆಯಲ್ಲಿದೆ. ಯಾವುದೇ ರೂಪ ಕೊಟ್ಟರೆ ಅದು ಏನೇನಾಗಿರಬಹುದು ಎಂದು ಎಲ್ಲ ಸಾಧ್ಯತೆಗಳನ್ನೂ ಮುಂದಿಡುತ್ತದೆ. ವಾಕ್ಯ ನೋಡಿ ಆರಿಸಿಕೊಳ್ಳುವ ಕೆಲಸ ಓದುವವನದು. ಸೈನ್ಯದಿಂದ ಬಂದವರು ಆಜ್ಞೆ ಮಾಡಲಿಲ್ಲ, ರೋಗಿಗೆ ಕಿವಿಗೊಡಬೇಕಾದ ಕಸುಬಿನ ನಾನು ಮಾಡಿದೆ.

ಇದು ಲ್ಯಾಟಿನ್ನಿಗಷ್ಟೇ ಸೇರಿದ ಮಾತಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ “ನಾ ಹೊಂಟೀನಿ” ಎಂದ ಹುಡುಗನನ್ನು ನಾನೇ ತಿದ್ದಿ “ಹೊರಟಿದ್ದೇನೆ” ಎನ್ನಿಸಿದ್ದೆ. ಅವನ ಅಜ್ಜಿ ಧಾರವಾಡದವರು, ಹಿಂದಿನ ಸಾಲಿನಲ್ಲೇ ಕೂತಿದ್ದರು. ಆಸ್ಪತ್ರೆಯಲ್ಲಿಯೂ ಕೇಳಿದ್ದಕ್ಕೆಲ್ಲ ನಿರರ್ಗಳವಾಗಿ ಉತ್ತರಿಸುವ ಯಂತ್ರಗಳು ಈಗ ಬಂದಿವೆ. ಕಿರಿಯ ವೈದ್ಯರು ತಾವು ಕಂಡದ್ದನ್ನು ಅಳಿಸಿ ಅದು ಹೇಳಿದ್ದನ್ನು ಬರೆದಾರೆಂಬ ಭಯ ನನಗಿದೆ. ಆಗೆಲ್ಲ 1998ರ ಆ ಫಾರ್ಮಸಿಸ್ಟ್ ನೆನಪಾಗುತ್ತಾರೆ. ಆಕೆ “ತಪ್ಪು” ಎನ್ನಲಿಲ್ಲ, ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರು. ಅವಮಾನವೆಂದು ಅದನ್ನು ನೆನಪಿಟ್ಟುಕೊಂಡವನು ನಾನು.

ಟೀಚರಿಗೆ ಪತ್ರ ಬರೆಯಲಿಲ್ಲ. ಮಗಳ ಮಾತು ಮೀರಲು ಮನಸ್ಸಾಗಲಿಲ್ಲ. ಪ್ರೋಗ್ರಾಮಿನಲ್ಲಿ ಷರತ್ತನ್ನು ಮತ್ತೆ ಸೇರಿಸಿ, ಜೊತೆಗೆ ‘ಒಪ್ಪುವುದಿಲ್ಲ’ ಎಂಬ ಒಂದು ಗುಂಡಿ ಇಟ್ಟೆ. ಅದನ್ನು ಒತ್ತಿದರೆ ಪದ ಮುಂದೆ ಸರಿಯದೆ ನಿಲ್ಲುತ್ತದೆ. ಸಂಜೆ ಇಬ್ಬರೂ ವ್ಯಾಕರಣ ಪುಸ್ತಕ ತೆರೆದು ನೋಡಬೇಕು. ಆ ವರ್ಷ ಅವಳು ಅದನ್ನು ಹನ್ನೊಂದು ಸಲ ಒತ್ತಿದಳು. ಒಂಬತ್ತು ಸಲ ತಪ್ಪು ಅವಳದೇ, ಪ್ರತಿ ಸಲವೂ ಅರ್ಧ ಗಂಟೆ ವಾದ. ಎರಡು ಸಲ ನನ್ನದು. ಒಮ್ಮೆ ನಾಯಿಗಳ ವಿಷಯದಲ್ಲಿ: ಕಾನಿಯುಮ್ ಅಲ್ಲ, ಕಾನುಮ್. ಇನ್ನೊಮ್ಮೆ ಚತುರ್ಥಿಯಲ್ಲಿ. ನಿಯಮದಂತೆ ಹೋದರೆ ‘ಗಂಡುಮಕ್ಕಳಿಗೆ’, ‘ಹೆಣ್ಣುಮಕ್ಕಳಿಗೆ’ ಎರಡಕ್ಕೂ ಫಿಲಿಯೀಸ್ ಎಂಬ ಒಂದೇ ರೂಪ ಬರುತ್ತದೆ. ಗೊಂದಲವಾಗಬಾರದೆಂದು ರೋಮನ್ನರು ಹೆಣ್ಣುಮಕ್ಕಳಿಗೆ ಫಿಲಿಯಾಬುಸ್ ಎಂಬ ಬೇರೆ ರೂಪವನ್ನೇ ಇಟ್ಟುಕೊಂಡಿದ್ದರು. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಹೇಳಿದಳು, ನಾನು ಟೈಪ್ ಮಾಡಿದೆ.